ಮುಂಬಯಿಯಲ್ಲಿ ಕಾರು ಓಡಿಸುವವರ ತಲೆಬಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಮುಲುಂಡ್‌ನಲ್ಲಿ, ಅಂಗಡಿ ಮಸ್ಜಿದ್ ಬಂದರ್‌ನಲ್ಲಿ. ನಡುವೆ ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರ್. ಇಪ್ಪತ್ತಮೂರು ವರ್ಷದಿಂದ ಇದೇ ದಾರಿಯಲ್ಲಿ ಕಾರು ಓಡಿಸುತ್ತಿದ್ದೇನೆ. ಮಾಟುಂಗಾದಲ್ಲಿ ಮದುವೆಯೋ ಯಕ್ಷಗಾನವೋ ಇದ್ದ ದಿನ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ನನ್ನ ವ್ಯಾಪಾರ ಹೇಗಿದೆ ಅಂತ ಕೇಳುವುದಿಲ್ಲ. "ದಿನಾ ಹ್ಯಾಗೆ ಓಡಿಸ್ತೀರಿ ಮಾರಾಯ್ರೆ?" ಅಂತ ಕೇಳುತ್ತಾರೆ. ಬ್ಯಾಂಕಿನಲ್ಲಿ ವರ್ಗವಾಗಿ ಬಂದವರು, ಮಗಳ ಮನೆಗೆ ಬಂದು ಇಲ್ಲೇ ಉಳಿದವರು, ನಲವತ್ತರಲ್ಲಿ ಹೊಸದಾಗಿ ಲೈಸೆನ್ಸ್ ತೆಗೆದವರು, ಎಲ್ಲರ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ. ಪ್ರತಿ ಸಲ ಪಾಯಸ ತಣ್ಣಗಾಗುವವರೆಗೆ ಉತ್ತರ ಹೇಳುವುದಕ್ಕಿಂತ ಬರೆದಿಡುವುದು ಮೇಲು ಅನ್ನಿಸಿತು.

ಊರಲ್ಲಿ ಹದಿನೈದು ವರ್ಷ ಓಡಿಸಿದ್ದೇನೆ. ಇಲ್ಲಿ ಯಾಕೆ ಕೈ ನಡುಗುತ್ತದೆ?

ಊರಲ್ಲಿ ನೀವು ಮುಂದೆ ನೋಡಿ ಓಡಿಸುತ್ತೀರಿ. ಇಲ್ಲಿ ಪಕ್ಕ ನೋಡಿ ಓಡಿಸಬೇಕು. ಅಷ್ಟೇ ವ್ಯತ್ಯಾಸ, ಆದರೆ ಅದು ಕೈಗೆ ಹತ್ತಲು ಮೂರು ತಿಂಗಳು ಬೇಕು.

ಮುಂಬಯಿ ಉದ್ದಕ್ಕೆ ಬೆಳೆದ ಊರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಖಾಡಿ, ಅಂದರೆ ಒಳಗೆ ಚಾಚಿದ ಸಮುದ್ರದ ನೀರು. ಬೆಳಿಗ್ಗೆ ಎಲ್ಲರೂ ದಕ್ಷಿಣಕ್ಕೆ, ಸಂಜೆ ಎಲ್ಲರೂ ಉತ್ತರಕ್ಕೆ. ಹೋಗಲು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಎಲ್‌ಬಿಎಸ್ ರಸ್ತೆ, ಎಸ್‌ವಿ ರಸ್ತೆ, ಹೀಗೆ ಬೆರಳಲ್ಲಿ ಎಣಿಸುವಷ್ಟು ದಾರಿ. ಅದರಲ್ಲೇ ಬಸ್ಸು, ರಿಕ್ಷಾ, ಸ್ಕೂಟರು, ನೀರಿನ ಟ್ಯಾಂಕರು, ಕೈಗಾಡಿ, ಶಾಲೆ ಬಿಟ್ಟ ಮಕ್ಕಳು. ವೇಗ ಕಡಿಮೆ, ಸಂದು ಇನ್ನೂ ಕಡಿಮೆ. ಹಾಗಾಗಿ ಇಲ್ಲಿ ದೊಡ್ಡ ಅಪಘಾತಕ್ಕಿಂತ ಜಾಸ್ತಿ ಆಗುವುದು ಸಣ್ಣ ಗೀರು, ಸಣ್ಣ ಬೈಗುಳ. ಕಾರಿನ ಎಡಬದಿಯ ಮೇಲೆ ಪ್ರೀತಿ ಇಟ್ಟುಕೊಳ್ಳಬೇಡಿ. ಮೊದಲ ಗೀರು ಬಿದ್ದ ಮೇಲೆ ಮನಸ್ಸು ಎಷ್ಟೋ ಹಗುರಾಗುತ್ತದೆ.

ರಿಕ್ಷಾದವರು ಇಂಡಿಕೇಟರ್ ಹಾಕದೆ ಯಾಕೆ ಒಮ್ಮೆಲೇ ತಿರುಗುತ್ತಾರೆ?

ಇದು ನನಗೆ ಬರುವ ಪ್ರಶ್ನೆಗಳಲ್ಲಿ ಮೊದಲನೆಯದು. ಉತ್ತರ ಹೇಳುವ ಮೊದಲು ಒಂದು ಕೆಲಸ ಹೇಳುತ್ತೇನೆ. ಇಂಡಿಕೇಟರ್ ನೋಡುವುದನ್ನು ಬಿಡಿ, ಮುಂದಿನ ಚಕ್ರ ನೋಡಿ. ರಿಕ್ಷಾಕ್ಕೆ ಮುಂದೆ ಇರುವುದು ಒಂದೇ ಚಕ್ರ. ಹ್ಯಾಂಡಲ್ ಸ್ವಲ್ಪ ಎಳೆದರೆ ಸಾಕು, ನಿಂತಲ್ಲೇ ತಿರುಗಿಬಿಡುತ್ತದೆ. ಪಕ್ಕದಲ್ಲಿದ್ದರೆ ಆ ಚಕ್ರ ನಿಮಗೆ ಕಾಣುತ್ತದೆ. ಹಿಂದೆ ಇದ್ದರೆ ಚಾಲಕನ ತಲೆ ನೋಡಿ. ಅವನ ಮುಖ ಫುಟ್‌ಪಾತ್ ಕಡೆ ತಿರುಗಿತು ಅಂದರೆ ಗಾಡಿಯೂ ಅತ್ತ ಹೋಗುತ್ತದೆ. ಬಲಕ್ಕೆ ಹೋಗುವುದಾದರೆ ಕೈ ಹೊರಗೆ ಬರುತ್ತದೆ, ಕೆಲವರದ್ದು ಕಾಲು ಹೊರಗೆ ಬರುತ್ತದೆ. ಚಪ್ಪಲಿ ಹಾಕಿದ ಆ ಪಾದವೇ ಇಂಡಿಕೇಟರ್. ನಗು ಬರಬಹುದು, ಆದರೆ ನನ್ನ ಬಂಪರನ್ನು ಬಹಳ ಸಲ ಉಳಿಸಿದೆ.

ಯಾಕೆ ಹೀಗೆ ಅಂದರೆ ಹೊಟ್ಟೆಪಾಡು. ಖಾಲಿ ಗಾಡಿಗೆ ಮೀಟರ್ ಓಡುವುದಿಲ್ಲ, ಗ್ಯಾಸ್ ಮಾತ್ರ ಉರಿಯುತ್ತದೆ. 2025ರ ಫೆಬ್ರವರಿಯಿಂದ ಮುಂಬಯಿ ರಿಕ್ಷಾದ ಕನಿಷ್ಠ ಬಾಡಿಗೆ 26 ರೂಪಾಯಿ, ಅದೂ ಒಂದೂವರೆ ಕಿಲೋಮೀಟರಿಗೆ. ಫುಟ್‌ಪಾತ್ ಮೇಲೆ ಒಂದು ಕೈ ಎದ್ದಿತೆಂದರೆ, ಹಿಂದಿನ ರಿಕ್ಷಾದವನು ಅದನ್ನು ನೋಡುವ ಮೊದಲೇ ಇವನು ಅಲ್ಲಿರಬೇಕು. ಅವನ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ. ಹಿಂದಿನ ರಿಕ್ಷಾ ಮಾತ್ರ ಇದೆ.

ಇದನ್ನು ಹೇಳಿದ ಕೂಡಲೇ "ಹಾಗಾದರೆ ಅವರದ್ದು ತಪ್ಪಿಲ್ವಾ?" ಅಂತ ಕೇಳುತ್ತಾರೆ. ಖಂಡಿತ ತಪ್ಪು. ತಪ್ಪು ಅಂತ ಗೊತ್ತಿದ್ದೂ ಅದನ್ನು ಮೊದಲೇ ಊಹಿಸಿದರೆ ಬ್ರೇಕ್ ನಿಧಾನಕ್ಕೆ ಒತ್ತಬಹುದು, ಅಷ್ಟೇ.

ಇನ್ನೊಂದು ಸಮಾಧಾನ: ರಿಕ್ಷಾಗಳು ಈಚೆ ಕಡೆ ಸಾಯನ್, ಆಚೆ ಕಡೆ ಬಾಂದ್ರಾ ತನಕ ಮಾತ್ರ. ಅಲ್ಲಿಂದ ದಕ್ಷಿಣಕ್ಕೆ ಅವುಗಳಿಗೆ ಪ್ರವೇಶ ಇಲ್ಲ. ಅಲ್ಲಿಂದ ಮುಂದೆ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಗಳ ರಾಜ್ಯ. ಹಳೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಪೂರ್ತಿ ಹೋದವು. ಅವುಗಳ ಡ್ರೈವರ್‌ಗಳಷ್ಟು ತಾಳ್ಮೆ ಇರುವವರನ್ನು ನಾನು ಈ ರಸ್ತೆಯಲ್ಲಿ ನೋಡಿಲ್ಲ. ಬಹುಶಃ ಆ ಗಾಡಿಯ ಗೇರೇ ತಾಳ್ಮೆ ಕಲಿಸುತ್ತಿತ್ತೋ ಏನೋ.

ಬೈಕಿನವರು ಎಡಕ್ಕೂ ಬರುತ್ತಾರೆ, ಬಲಕ್ಕೂ ಬರುತ್ತಾರೆ. ಕನ್ನಡಿ ನೋಡಿ ನೋಡಿ ಕುತ್ತಿಗೆ ನೋವು. ಏನು ಮಾಡುವುದು?

ಮೊದಲು ನನ್ನದೊಂದು ತಪ್ಪು ಹೇಳಬೇಕು. ನಾಲ್ಕು ವರ್ಷದ ಹಿಂದೆ ಘಾಟ್‌ಕೋಪರ್‌ನಲ್ಲಿ ಔಷಧಿ ತೆಗೆದುಕೊಳ್ಳಲು ರಸ್ತೆ ಬದಿ ಕಾರು ನಿಲ್ಲಿಸಿದೆ. ಫೋನ್ ನೋಡುತ್ತಲೇ ಬಲಗೈಯಲ್ಲಿ ಬಾಗಿಲು ತೆರೆದೆ. ಢಬ್ ಅಂತ ಸದ್ದು. ಊಟ ತಲುಪಿಸುವ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಸ್ಕೂಟರ್ ಸಮೇತ ಬಿದ್ದಿದ್ದ. ಹಿಂದಿದ್ದ ಟೆಂಪೊ ಕೀಚ್ ಅಂತ ನಿಂತಿತು. ನನ್ನ ಗಂಟಲು ಒಣಗಿಹೋಯಿತು. ಹುಡುಗ ಎದ್ದ. ಪ್ಯಾಂಟಿನ ಮಂಡಿ ಹರಿದು ರಕ್ತ ಬರುತ್ತಿತ್ತು. ಅವನು ಅದನ್ನು ನೋಡಲೇ ಇಲ್ಲ. ಬೆನ್ನ ಚೀಲದ ಜಿಪ್ ಎಳೆದು ಒಳಗೆ ಕೈ ಹಾಕಿದ. ದಾಲ್ ಪೂರಾ ಚೆಲ್ಲಿ, ಹಳದಿ ನೀರು ಚೀಲದ ಹೊಲಿಗೆಯಿಂದ ಡಾಂಬರಿಗೆ ಸೋರುತ್ತಿತ್ತು. ಆಮೇಲೆ ಫೋನ್ ತೆಗೆದು ಗಾಜು ಒಡೆದಿದೆಯಾ ನೋಡಿದ. ಮೂರನೆಯದಾಗಿ ಗಿರಾಕಿಗೆ ಫೋನ್ ಮಾಡಿ, "ಸರ್, ಸ್ವಲ್ಪ ಲೇಟಾಗ್ತದೆ" ಅಂದ. ನಾನು ದುಡ್ಡು ಕೊಟ್ಟೆ, ಔಷಧಿ ಅಂಗಡಿಯಲ್ಲೇ ಪಟ್ಟಿ ಹಾಕಿಸಿದೆ. ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ನಾನು ಬಾಗಿಲನ್ನು ಎಡಗೈಯಲ್ಲೇ ತೆರೆಯುವುದು. ಮಾಡಿ ನೋಡಿ: ನಮ್ಮ ಡ್ರೈವರ್ ಸೀಟು ಬಲಕ್ಕೆ, ಎಡಗೈ ಬಾಗಿಲಿಗೆ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ತಾನಾಗಿ ಹಿಂದೆ ಹೋಗುತ್ತದೆ. ಎಡಬದಿಯಲ್ಲಿ ಇಳಿಯುವವರು ಬಲಗೈ ಬಳಸಬೇಕು. ಮನೆಯ ಮಕ್ಕಳಿಗೂ ಇದನ್ನೇ ಕಲಿಸಿ.

ಇನ್ನು "ಇಷ್ಟೊಂದು ಬೈಕು ಎಲ್ಲಿಂದ ಬರುತ್ತವೆ" ಎನ್ನುವ ಗೊಣಗಾಟ. ನಮ್ಮ ಊರಿನ ಒಳ್ಳೊಳ್ಳೆ ರಸ್ತೆಗಳನ್ನೆಲ್ಲ ಒಮ್ಮೆ ಲೆಕ್ಕ ಹಾಕಿ. 2009ರಲ್ಲಿ ಶುರುವಾದ ಬಾಂದ್ರಾ-ವರಳಿ ಸೀ ಲಿಂಕ್, 2013ರ ಈಸ್ಟರ್ನ್ ಫ್ರೀವೇ, 2024ರಲ್ಲಿ ತೆರೆದ ಅಟಲ್ ಸೇತು ಮತ್ತು ಕೋಸ್ಟಲ್ ರೋಡ್, ಯಾವುದರಲ್ಲೂ ದ್ವಿಚಕ್ರಕ್ಕೆ ಪ್ರವೇಶ ಇಲ್ಲ. ಜೆಜೆ ಫ್ಲೈಓವರ್ ಮೇಲೂ ಇಲ್ಲ. ನಾನು ಚೆಂಬೂರಿನಲ್ಲಿ ಫ್ರೀವೇ ಹತ್ತಿ ಪಿ. ಡಿಮೆಲ್ಲೊ ರಸ್ತೆಯಲ್ಲಿ ಇಳಿಯುತ್ತೇನೆ, ನಡುವೆ ಸಿಗ್ನಲ್ಲೇ ಇಲ್ಲ. ಅದೇ ಹೊತ್ತಿಗೆ ಬೈಕಿನವನು ಕೆಳಗೆ ಸಾಯನ್, ದಾದರ್, ಲಾಲ್‌ಬಾಗ್ ಅಂತ ಒಂದೊಂದೇ ಸಿಗ್ನಲ್ ಎಣಿಸುತ್ತಾ ಬರುತ್ತಾನೆ. ಸುರಕ್ಷತೆಗಾಗಿ ಈ ನಿಯಮ ಅಂತಾರೆ. ಸಮುದ್ರದ ಗಾಳಿ, ವೇಗ, ಎಲ್ಲಾ ನಿಜ. ಆದರೆ ಮೇಲಿನ ರಸ್ತೆ ನಮಗೆ ಕೊಟ್ಟು ಅವರನ್ನೆಲ್ಲ ಕೆಳಗೆ ತುಂಬಿದ್ದಾರೆ ಅನ್ನುವುದೂ ನಿಜ ಅಲ್ವಾ?

ಬಸ್ಸು ಸ್ಟಾಪಿನಲ್ಲಿ ಬದಿಗೆ ನಿಲ್ಲದೆ ನಡುರಸ್ತೆಯಲ್ಲಿ ಯಾಕೆ ನಿಲ್ಲುತ್ತದೆ?

ಬದಿಯಲ್ಲಿ ನಮ್ಮ ನಿಮ್ಮ ಕಾರು ನಿಂತಿರುತ್ತದೆ, ಅದಕ್ಕೆ.

ಎರಡು ಮಾತು ಸೇರಿಸುತ್ತೇನೆ. ಎಡಕ್ಕೆ ತಿರುಗುವ ಉದ್ದದ ಬಸ್ಸು ಮೊದಲು ಸ್ವಲ್ಪ ಬಲಕ್ಕೆ ಹೋಗುತ್ತದೆ. ಎಡಗಡೆ ಜಾಗ ಆಯ್ತು ಅಂತ ನುಗ್ಗಿದರೆ ಫುಟ್‌ಪಾತಿಗೂ ಬಸ್ಸಿಗೂ ನಡುವೆ ಅಡಕತ್ತರಿಯ ಅಡಿಕೆ ಆಗುತ್ತೀರಿ. ಮತ್ತೆ, ನಿಂತ ಬಸ್ಸಿನ ಮುಂದಿನಿಂದ ಯಾರೋ ಒಬ್ಬರು ರಸ್ತೆ ದಾಟಲು ಹೊರಗೆ ಬಂದೇ ಬರುತ್ತಾರೆ. ಬಸ್ಸು ದಾಟುವಾಗ ಕಾಲು ಬ್ರೇಕಿನ ಮೇಲಿರಲಿ.

ಜನ ಫುಟ್‌ಪಾತ್ ಬಿಟ್ಟು ರಸ್ತೆಯಲ್ಲೇ ನಡೆಯುತ್ತಾರೆ. ಸ್ಕೈವಾಕ್ ಇದ್ದರೂ ಹತ್ತುವುದಿಲ್ಲ. ಇವರಿಗೆ ಹೇಳುವವರು ಕೇಳುವವರು ಇಲ್ವಾ?

ಒಂದು ಸಂಜೆ ದಾದರ್ ಸ್ಟೇಷನ್ನಿನಿಂದ ನಡೆದು ನೋಡಿ. ಫುಟ್‌ಪಾತ್ ಮೇಲೆ ಹೂವಿನವರು, ತರಕಾರಿಯವರು, ಅಗೆದು ಹಾಗೇ ಬಿಟ್ಟ ಇಂಟರ್‌ಲಾಕ್ ಕಲ್ಲು, ಅದರ ಮೇಲೆ ನಿಲ್ಲಿಸಿದ ಸ್ಕೂಟರ್. ಕೈಯಲ್ಲಿ ಎರಡು ಚೀಲ ಹಿಡಿದ ಹೆಂಗಸು ಎಲ್ಲಿ ನಡೆಯಬೇಕು? ಸ್ಕೈವಾಕ್ ಅಂದರೆ ಎರಡು ಮಹಡಿ ಮೆಟ್ಟಿಲು ಹತ್ತಿ, ಎರಡು ಮಹಡಿ ಇಳಿಯಬೇಕು. ನನ್ನ ಅತ್ತೆಗೆ ಮಂಡಿ ನೋವು. ಅವರು ಹತ್ತುವುದಿಲ್ಲ, ನಾನೂ ಹತ್ತಿ ಎನ್ನುವುದಿಲ್ಲ.

ಕಾನೂನು ಗೊತ್ತಿರಲಿ: 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ನಡೆಯುವವರಿಗೇ ಮೊದಲ ಹಕ್ಕು. ಗಾಡಿ ನಿಧಾನ ಮಾಡಬೇಕು, ಬೇಕಾದರೆ ನಿಲ್ಲಿಸಬೇಕು. ನಾವು ಮಾಡುವುದೇನು? ದೂರದಿಂದಲೇ ಲೈಟ್ ಮಿನುಗಿಸಿ "ನಾನು ಬರ್ತಾ ಇದ್ದೇನೆ, ನಿಲ್ಲು" ಅನ್ನುತ್ತೇವೆ. ನಡೆಯುವವರು ಅಂಗೈ ಎತ್ತಿ "ನೀನೇ ನಿಲ್ಲು" ಅನ್ನುತ್ತಾರೆ. ಆ ಅಂಗೈಗೆ ಮುಂಬಯಿಯಲ್ಲಿ ಮರ್ಯಾದೆ ಇದೆ. ಹೆಚ್ಚಿನವರು ನಿಲ್ಲುತ್ತಾರೆ, ನೀವೂ ನಿಲ್ಲಿ.

ಸ್ಟೇಷನ್ ಹತ್ತಿರ ಓಡಿಸುವವರಿಗೆ ಒಂದು ಗುಟ್ಟು. ಲೋಕಲ್ ರೈಲು ಬಂದು ನಿಂತ ಸದ್ದು ಕೇಳಿದರೆ ಎರಡು ನಿಮಿಷದಲ್ಲಿ ಜನರ ಅಲೆ ರಸ್ತೆಗೆ ಬರುತ್ತದೆ. ಆ ಅಲೆಯ ನಡುವೆ ಹಾರ್ನ್ ಹೊಡೆದು ಪ್ರಯೋಜನ ಇಲ್ಲ. ಇಂಜಿನ್ ಬಂದ್ ಮಾಡಿ, ಅರ್ಧ ನಿಮಿಷ ಕೂತುಕೊಳ್ಳಿ. ಅಲೆ ಬಂದಷ್ಟೇ ಬೇಗ ಇಳಿಯುತ್ತದೆ.

ಅಂದಹಾಗೆ 2020ರಲ್ಲಿ ದಾದರ್‌ನ ಕೆಲವು ಸಿಗ್ನಲ್‌ಗಳಲ್ಲಿ ನಡೆಯುವವರ ಚಿತ್ರಕ್ಕೆ ಲಂಗ ತೊಡಿಸಿ ಹೆಣ್ಣಿನ ಚಿತ್ರ ಮಾಡಿದರು. ನನ್ನ ಹೆಂಡತಿಗೆ ಅದು ಬಹಳ ಇಷ್ಟ. "ಆದರೆ ಹಸಿರು ಇನ್ನೂ ಹತ್ತು ಸೆಕೆಂಡು ಜಾಸ್ತಿ ಕೊಟ್ಟಿದ್ದರೆ ಇನ್ನೂ ಇಷ್ಟ ಆಗ್ತಿತ್ತು" ಅನ್ನುತ್ತಾಳೆ.

ಮಾರ್ಕೆಟ್ ಕಡೆ ಕೈಗಾಡಿ ಮುಂದೆ ಸಿಕ್ಕಿದರೆ ಅರ್ಧ ಗಂಟೆ ಹೋಯಿತು. ದಾಟುವುದು ಹೇಗೆ?

ದಾಟಬೇಡಿ. ಇದು ನನ್ನ ಗಲ್ಲಿಯ ವಿಷಯ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮಸ್ಜಿದ್ ಬಂದರ್, ಕಾಲ್ಬಾದೇವಿ, ಕ್ರಾಫರ್ಡ್ ಮಾರ್ಕೆಟ್ ಸುತ್ತ ಇವತ್ತಿಗೂ ಸರಕು ಸಾಗುವುದು ಹಾಥ್‌ಗಾಡಿಯಲ್ಲಿ. ಟೆಂಪೊ ಹೋಗದ ಗಲ್ಲಿಗೂ ಅದು ಹೋಗುತ್ತದೆ. ಮುಂದೆ ಒಬ್ಬ ಎಳೆಯುತ್ತಾನೆ, ಹಿಂದೆ ಒಬ್ಬಿಬ್ಬರು ನೂಕುತ್ತಾರೆ. ಗಮನಿಸಬೇಕಾದ್ದು ಏನೆಂದರೆ, ಅದಕ್ಕೆ ಬ್ರೇಕ್ ಇಲ್ಲ. ಮುಂದಿನ ಹಮಾಲನ ಹಿಮ್ಮಡಿಯೇ ಬ್ರೇಕ್. ಇಳಿಜಾರಿನಲ್ಲಿ ಅವನು ಹಿಂದಕ್ಕೆ ವಾಲಿ, ಎರಡೂ ಹಿಮ್ಮಡಿ ನೆಲಕ್ಕೆ ಊರಿ, ಜಾರಿಕೊಂಡೇ ಹೋಗುತ್ತಾನೆ. ಅವನ ಚಪ್ಪಲಿ ನೋಡಿ, ಹಿಂಬದಿ ಸವೆದು ಕಾಗದದ ಹಾಗೆ ಆಗಿರುತ್ತದೆ. ನೀವು ಹಿಂದಿನಿಂದ ಹಾರ್ನ್ ಹೊಡೆದರೆ ಅವನು ನಿಲ್ಲಿಸಲಾರ, ಬದಿಗೂ ಸರಿಯಲಾರ. ಒಮ್ಮೆ ನಿಂತ ಗಾಡಿಯನ್ನು ಮತ್ತೆ ಉರುಳಿಸುವುದೇ ದೊಡ್ಡ ಕಷ್ಟ, ಆದ್ದರಿಂದ ಅವನು ನಿಲ್ಲಲು ಇಷ್ಟವೂ ಪಡುವುದಿಲ್ಲ. ಸಂದಿಯಲ್ಲಿ ನುಸುಳಿ ಅವನ ಮುಂದೆ ಹೋಗಿ ಬ್ರೇಕ್ ಹಾಕುವ ಕಾರಿನವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅವನು ನಿಮ್ಮ ಡಿಕ್ಕಿಗೆ ಗುದ್ದಿದರೆ ತಪ್ಪು ಯಾರದು?

ಹತ್ತೂವರೆಯಿಂದ ಸಂಜೆ ಏಳರವರೆಗೆ ಆ ಕಡೆ ಕಾರು ತರಲೇಬೇಡಿ. ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್‌ನಲ್ಲಿ ಬಂದು ನಡೆದು ಬನ್ನಿ. ಅಂಗಡಿಗೆ ಬಂದರೆ ಚಹಾ ನನ್ನದು.

ಹಾರ್ನ್ ಹೊಡೆಯದೆ ಇಲ್ಲಿ ಓಡಿಸಲು ಸಾಧ್ಯವೇ?

ಪೂರ್ತಿ ಇಲ್ಲ. ಅರ್ಧಕ್ಕರ್ಧ ಕಮ್ಮಿ ಮಾಡಬಹುದು. 2020ರ ಆರಂಭದಲ್ಲಿ ಮುಂಬಯಿ ಪೊಲೀಸರು ಒಂದು ತಮಾಷೆಯ ಪ್ರಯೋಗದ ವಿಡಿಯೊ ಬಿಟ್ಟಿದ್ದರು. ಸಿಗ್ನಲ್‌ಗೆ ಸದ್ದು ಅಳೆಯುವ ಯಂತ್ರ ಜೋಡಿಸಿ, 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿಂದ ಶುರು. ಹೊಡೆದಷ್ಟೂ ಕಾಯಿರಿ! ಅದನ್ನು ಎಲ್ಲಾ ಸಿಗ್ನಲ್‌ಗಳಿಗೂ ಹಾಕಬೇಕಿತ್ತು ಅನ್ನುವವರಲ್ಲಿ ನಾನೂ ಒಬ್ಬ. 2015ರಲ್ಲಿ ಲಾರಿಗಳ ಹಿಂದೆ "ಹಾರ್ನ್ ಓಕೆ ಪ್ಲೀಸ್" ಬರೆಯುವುದನ್ನು ಮಹಾರಾಷ್ಟ್ರ ನಿಷೇಧಿಸಿತು. ಬರಹ ನಿಷೇಧವಾಯಿತು, ಹಾರ್ನ್ ಉಳಿಯಿತು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಒಳಗೆ ಮಾತ್ರ ದಯವಿಟ್ಟು ಬೇಡವೇ ಬೇಡ.

ಹಿಂದೆ ಆಂಬುಲೆನ್ಸ್ ಬಂದರೆ ಎತ್ತ ಸರಿಯಬೇಕು?

ಎಡಕ್ಕೆ. ಆಗದಿದ್ದರೆ ಮುಂದಿನವರು ಎತ್ತ ಸರಿದರೋ ಅತ್ತ. ಒಬ್ಬ ಎಡಕ್ಕೆ ಒಬ್ಬ ಬಲಕ್ಕೆ ಹೋದರೆ ಅದಕ್ಕೆ ದಾರಿ ಇರುವುದಿಲ್ಲ. ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಬಿಟ್ಟ ದಾರಿಯಲ್ಲಿ ಆಂಬುಲೆನ್ಸಿನ ಬಾಲ ಹಿಡಿದು ಓಡುವ ಕಾರುಗಳಿಗೂ ಒಂದು ಕಲಮು ಬೇಕಿತ್ತು.

ಕಿಂಗ್ಸ್ ಸರ್ಕಲ್‌ನಲ್ಲಿ ಯಾರು ಮೊದಲು ಹೋಗಬೇಕು?

ಮಾಟುಂಗಾಕ್ಕೆ ದೋಸೆ ತಿನ್ನಲು ಬರುವ ನಮ್ಮವರೆಲ್ಲ ಸಿಕ್ಕಿಬೀಳುವ ಜಾಗ ಅದು. ನಿಯಮ ಸುಲಭ. ವೃತ್ತದ ಒಳಗೆ ಈಗಾಗಲೇ ಇರುವ ಗಾಡಿಗೆ ಮೊದಲ ಹಕ್ಕು, ಹೊಸದಾಗಿ ಒಳಗೆ ಬರುವವನು ಕಾಯಬೇಕು. ಆದರೆ ನೀವು ಕಾಯುತ್ತಾ ನಿಂತರೆ ಹಿಂದಿನವನು ಬೈಯುತ್ತಾನೆ. ಬೈಯಲಿ, ಕಾರಿನ ಗಾಜು ಇರುವುದೇ ಅದಕ್ಕೆ.

ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಲಾರಿಗಳು ಬಲಗಡೆಯ ಲೇನ್ ಬಿಡುವುದೇ ಇಲ್ಲ. ಎಡದಿಂದ ಹೋಗಬಹುದೇ?

ಹೋಗಬಾರದು. ಎಲ್ಲರೂ ಹೋಗುತ್ತಾರೆ ಅನ್ನುವುದು ನನಗೂ ಗೊತ್ತು.

ಘಾಟಿಯಲ್ಲಿ ಏನಾಗುತ್ತದೆ ನೋಡಿ. ಭಾರ ತುಂಬಿದ ಒಂದು ಲಾರಿ ತೆವಳುತ್ತಿರುತ್ತದೆ. ಅದರ ಹಿಂದಿನ ಲಾರಿ ಒಂದು ಚೂರು ಜೋರು. ಗೇರ್ ಇಳಿಸಿ ನಿಲ್ಲಿಸಿದರೆ ಏರುವಾಗ ಮತ್ತೆ ವೇಗ ಹಿಡಿಯುವುದು ಕಷ್ಟ, ಆದ್ದರಿಂದ ಅದು ಪಕ್ಕದ ಲೇನಿಗೆ ಬರುತ್ತದೆ. ಆಮೆ ಆಮೆಯನ್ನು ಹಿಂದೆ ಹಾಕಿದ ಹಾಗೆ. ಅಷ್ಟು ಹೊತ್ತು ನಾವು ಹಲ್ಲು ಕಡಿಯುತ್ತೇವೆ. ಅವನಿಗೆ ಅದು ಅನಿವಾರ್ಯ, ಒಪ್ಪುತ್ತೇನೆ. ಆದರೆ ಸಪಾಟು ರಸ್ತೆಯಲ್ಲೂ ಬಲಕ್ಕೆ ಅಂಟಿಕೊಂಡು ಹೋಗುವವರಿಗೆ ಯಾವ ನೆಪವೂ ಇಲ್ಲ. ಹಾಗೆಯೇ ಅದೇ ಲೇನಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಅರವತ್ತರಲ್ಲಿ ಹೋಗುವ ಕಾರಿನವರಿಗೂ ಇಲ್ಲ. ಕಾರಿಗೆ ಅಲ್ಲಿ ಮಿತಿ 100, ಘಾಟಿಯಲ್ಲಿ 60. ಘಾಟಿ ಇಳಿಯುವಾಗ ಲಾರಿಯ ಮುಂದೆ ನುಗ್ಗಿ ನಿಧಾನ ಮಾಡುವುದು ಮಾತ್ರ ಜೀವದ ಜೊತೆ ಆಟ. ಅವನ ಬ್ರೇಕ್ ಎಷ್ಟು ಕಾದಿದೆ ಅಂತ ನಿಮಗೆ ಗೊತ್ತಿರುವುದಿಲ್ಲ.

ಮಳೆಗಾಲಕ್ಕೆ ಏನಾದರೂ ಸಲಹೆ?

ಮುಂದಿನ ಬೈಕಿನಿಂದ ದೂರ ಇರಿ. ಹೊಂಡ ಕಂಡ ಕೂಡಲೇ ಅವನು ಪಕ್ಕಕ್ಕೆ ಹಾರುತ್ತಾನೆ, ಇಲ್ಲವೇ ಬೀಳುತ್ತಾನೆ. ನೀರು ನಿಂತಲ್ಲಿ ನಿಧಾನ ಹೋಗಿ. ಕೊಡೆ ಹಿಡಿದು ನಿಂತವರ ಮೇಲೆ ಕೆಸರು ಎರಚಿ ಹೋದರೆ ಅವರು ನಿಮ್ಮ ಮನೆಯವರನ್ನೆಲ್ಲ ನೆನೆಯುತ್ತಾರೆ. ಅಂಧೇರಿ ಸಬ್‌ವೇ, ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್, ಈ ಮೂರು ಹೆಸರು ಸುದ್ದಿಯಲ್ಲಿ ಕೇಳಿದ ದಿನ ಕಾರಿನ ಕೀಲಿ ಮುಟ್ಟಬೇಡಿ.

ಗಣಪತಿ ವಿಸರ್ಜನೆಯ ದಿನ?

ಮನೆಯಲ್ಲಿರಿ, ಇಲ್ಲವೇ ಮೆರವಣಿಗೆಯಲ್ಲಿರಿ. ಕಾರಿನಲ್ಲಿ ಇರಬೇಡಿ.

ಕೆಎ ನಂಬರಿನ ಕಾರು ಅಂತ ಎಲ್ಲರೂ ಬೇಕಂತಲೇ ಅಡ್ಡ ಬರುತ್ತಾರಾ?

ಇಲ್ಲ, ಎಂಎಚ್ ನಂಬರಿಗೂ ಅಷ್ಟೇ ಅಡ್ಡ ಬರುತ್ತಾರೆ. ಆದರೆ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಮಾಡಿಸಲೇಬೇಕು.

ನಿಮಗೆ ಈಗ ಯಾರ ಮೇಲೂ ಸಿಟ್ಟು ಬರುವುದಿಲ್ವಾ?

ಬರುತ್ತದೆ. ರಾಂಗ್ ಸೈಡಿನಲ್ಲಿ ಬರುವವರ ಮೇಲೆ. ರಿಕ್ಷಾದವನಿಗೆ ಹೊಟ್ಟೆಪಾಡು, ಹಮಾಲನಿಗೆ ಬ್ರೇಕ್ ಇಲ್ಲ, ನಡೆಯುವವರಿಗೆ ಫುಟ್‌ಪಾತ್ ಇಲ್ಲ. ರಾಂಗ್ ಸೈಡಿನವನಿಗೆ ಏನಿಲ್ಲ? ಯೂ-ಟರ್ನ್ ಸ್ವಲ್ಪ ದೂರ, ಅಷ್ಟೇ ತಾನೆ?

ನಮ್ಮ ಬಿಲ್ಡಿಂಗ್ ಮುಂದೆ ಡಿವೈಡರ್ ಹಾಕಿದ ಮೇಲೆ ಯೂ-ಟರ್ನ್ ಮುಕ್ಕಾಲು ಕಿಲೋಮೀಟರ್ ದೂರ ಹೋಯಿತು. ಅಂದಿನಿಂದ ಗೇಟಿನವರೆಗೆ ಉಲ್ಟಾ ಬರುವ ಸ್ಕೂಟರ್‌ಗಳ ಸಾಲು. ಸೊಸೈಟಿ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಗಂಟಲು ಹರಿಯುವಂತೆ ಮಾತಾಡಿದ್ದೆ. ಅದಾಗಿ ಎರಡು ವಾರ. ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತಿದ್ದೇನೆ, ಎದುರಿಗೆ ಒಂದು ಸ್ಕೂಟರ್ ಉಲ್ಟಾ ಬಂತು. ನಾನು ಜಾಗ ಬಿಡಲಿಲ್ಲ. ಹಾರ್ನ್ ಮೇಲೆ ಕೈ ಇಟ್ಟೆ, ಹೈ ಬೀಮ್ ಹಾಕಿದೆ. ಮೇಲೆ ನಾನೇ ಬರೆದದ್ದೆಲ್ಲ ಆ ಹೊತ್ತಿಗೆ ಮರೆತುಹೋಗಿತ್ತು. ಸ್ಕೂಟರ್‌ನವನು ನಿಂತ. ಹೆಲ್ಮೆಟ್‌ನ ಗಾಜು ಮೇಲೆತ್ತಿದ.

"ಅಪ್ಪಾ, ಲೈಟ್ ಡಿಮ್ ಮಾಡಿ. ನಾನೇ."

ಹಿಂದೆ ತಿರುಗಿಸಿ ಯೂ-ಟರ್ನ್ ತನಕ ಕಳುಹಿಸಿದೆ. ಅವನು ಮನೆಗೆ ಬಂದಾಗ ನನ್ನ ಊಟ ಮುಗಿದಿತ್ತು. ಅವನ ಅಮ್ಮ ಇಬ್ಬರ ಜೊತೆಯೂ ಮಾತಾಡಲಿಲ್ಲ.